ಮರಿ ಎಷ್ಟಕ್ಕ ಕೊಡ್ತೀರಿ?

ನಮ್ಮ ಮನೆಯ ಜರ್ಮನ್ ಶೆಫರ್ಡ್ ಮರಿ ಹಾಕುತ್ತಾಳೆ ಎಂದು ಓಣಿಗೆ ಗೊತ್ತಾದಾಗಿನಿಂದ ಇದೊಂದೇ ಪ್ರಶ್ನೆ. ಕಿರಾಣಿ ಅಂಗಡಿಯಲ್ಲಿ ಕೇಳುತ್ತಾರೆ. ಶರಣಬಸವೇಶ್ವರ ಜಾತ್ರೆಯಲ್ಲಿ, ಅತ್ತ ತೇರು ಹೊರಟಿದ್ದರೆ ಇತ್ತ ಒಬ್ಬರು ಕಿವಿಯಲ್ಲಿ ಬಂದು ಕೇಳಿದರು. ಬಾಯಲ್ಲಿ ಹೇಳಿ ಸಾಕಾಗಿದೆ, ಬರೆದೇ ಬಿಡುತ್ತೇನೆ. ಬೆಲೆಯಿಂದ ಮಾತು ಶುರು ಮಾಡುವವರಿಗೆ ನಾನು ಮರಿ ಕೊಡುವುದಿಲ್ಲ.

ಸಿಟ್ಟು ಯಾಕೆ ಅಂದರೆ, ಒಂದು ಫೋನ್ ಬಂದಿತ್ತು. "ಅಕ್ಕಾರ, ನಮ್ದೂ ಹೆಣ್ಣು ನಾಯಿ ಅದ. ಹತ್ತು ತಿಂಗಳಾಗ್ಯದ, ಹೀಟಿಗೆ ಬಂದದ. ಚಲೋ ಗಂಡು ನಾಯಿ ಇದ್ರ ಹೇಳ್ರಿ. ವರ್ಷಕ್ಕ ಎರಡು ಸಲ ಮರಿ ಮಾರಿದ್ರ ಅದರ ಖರ್ಚು ಅದೇ ದುಡೀತದ." ಅದಿನ್ನೂ ಕೂಸು, ಬಿಡ್ರಿ ಅಂದೆ. "ನಾಯಿಗೆ ಯಾರ್ರೀ ವಯಸ್ಸು ಕೇಳ್ತಾರ?" ಅಂದರು.

ಕಾನೂನು ಕೇಳುತ್ತದೆ. ನಾಯಿ ಮರಿ ಮಾಡಿಸುವ, ಮಾರುವ ಬಗ್ಗೆ ಇರುವ 2017ರ ನಿಯಮಗಳ ಪ್ರಕಾರ ಹದಿನೆಂಟು ತಿಂಗಳು ತುಂಬದ ಹೆಣ್ಣು ನಾಯಿಯನ್ನು ಕೂಡಿಸುವ ಹಾಗಿಲ್ಲ. ಎಂಟು ವಾರ ತುಂಬದ ಮರಿಯನ್ನು ಮಾರುವ ಹಾಗಿಲ್ಲ. ಮರಿ ಮಾಡಿ ಮಾರುವವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಬೇಕು. ಆದರೂ ತಿಂಗಳ ಮರಿಯೇ ಬೇಕು, ಸಣ್ಣದಿದ್ದರೆ ಮನೆಗೆ ಬೇಗ ಹೊಂದುತ್ತದೆ ಎನ್ನುತ್ತಾರೆ. ಹಾಗಲ್ಲ. ಎಷ್ಟು ಜೋರಾಗಿ ಕಚ್ಚಿದರೆ ನೋವಾಗುತ್ತದೆ ಎಂಬುದನ್ನು ಮರಿ ಕಲಿಯುವುದು ತಾಯಿ ಮತ್ತು ಒಡಹುಟ್ಟಿದವರ ಜೊತೆ ಆಡುತ್ತಾ. ಆ ಪಾಠ ತಪ್ಪಿಸಿಕೊಂಡು ಬಂದ ಮರಿಯ ಹಲ್ಲು ಮುಂದೆ ನಿಮ್ಮ ಮಕ್ಕಳ ಕೈಗೇ ಬೀಳುತ್ತದೆ.

"ತಾಯಿಯನ್ನು ನೋಡಬಹುದಾ?" ಈ ಪ್ರಶ್ನೆಗಾಗಿ ನಾನು ಕಾಯುತ್ತಿರುತ್ತೇನೆ. ಯಾರೂ ಕೇಳುವುದಿಲ್ಲ! ತಾಯಿ ಹೊಸಬರನ್ನು ಕಂಡು ಹೆದರುತ್ತಾಳಾ, ಮೈಮೇಲೆ ಬರುತ್ತಾಳಾ, ಸಮಾಧಾನವಾಗಿ ಮೂಸಿ ನೋಡಿ ಸುಮ್ಮನಾಗುತ್ತಾಳಾ? ಮರಿಯ ಸ್ವಭಾವದಲ್ಲಿ ಅರ್ಧ ಅಲ್ಲೇ ಗೊತ್ತಾಗುತ್ತದೆ. ಆಮೇಲೆ ತಂದೆ ತಾಯಿ ಇಬ್ಬರ ಸೊಂಟದ ಎಕ್ಸ್‌ರೇ ಕೇಳಿ. ಈ ತಳಿಯಲ್ಲಿ ಹಿಂಗಾಲಿನ ಕೀಲು ಸಡಿಲವಾಗುವ ತೊಂದರೆ ಜಾಸ್ತಿ, ಅದು ವಂಶದಲ್ಲೇ ಬರುತ್ತದೆ. ಎರಡು ವರ್ಷ ತುಂಬಿದ ಮೇಲೆ ತೆಗೆಸಿದ ಎಕ್ಸ್‌ರೇಯನ್ನು ಹೆಚ್ಚು ನಂಬಬಹುದು. ಇಬ್ಬರದೂ ಚೆನ್ನಾಗಿದ್ದರೂ ಮರಿಗೆ ಬರುವುದೇ ಇಲ್ಲ ಅಂತಲ್ಲ, ಭಯ ಕಡಿಮೆಯಾಗುತ್ತದೆ.

ಇನ್ನೊಂದು ಮಾತು. ಇದು ಕಾವಲಿಗೆ ಕಟ್ಟಿಹಾಕುವ ನಾಯಿ ಎಂದು ನಮ್ಮ ಕಡೆ ನಂಬಿದ್ದಾರೆ. 1899ರಲ್ಲಿ ಜರ್ಮನಿಯ ಮ್ಯಾಕ್ಸ್ ಫಾನ್ ಸ್ಟೆಫಾನಿಟ್ಸ್ ಈ ತಳಿ ಕಟ್ಟಲು ಹೊರಟಾಗ ಆರಿಸಿದ್ದು ಕುರಿ ಕಾಯುವ ನಾಯಿಗಳನ್ನು. ಹೊಲದ ಅಂಚಿನಲ್ಲಿ ದಿನವಿಡೀ ಓಡಾಡುತ್ತಾ, ಕುರಿ ಪಕ್ಕದ ಬೆಳೆಗೆ ಬಾಯಿ ಹಾಕದಂತೆ ತಡೆಯುವುದು ಅವುಗಳ ಕೆಲಸ. ನಮ್ಮ ಕುರಿಗಾರರ ನಾಯಿಗಳು ಮುಖ್ಯವಾಗಿ ತೋಳದಿಂದ ಕುರಿ ಕಾಯುತ್ತವೆ. ಇವು ಹೊಲದ ಗಡಿ ಕಾಯುತ್ತವೆ. ಅಂಥ ನಾಯಿಯನ್ನು ಎರಡು ಮಾರು ಸರಪಳಿಯಲ್ಲಿ ಕಟ್ಟಿದರೆ ಬೊಗಳದೆ ಇನ್ನೇನು ಮಾಡೀತು? ಕೆಲಸ ಇಲ್ಲದಿದ್ದರೆ ಅಂಗಳದಲ್ಲಿ ಓಡುವ ಮಕ್ಕಳನ್ನೇ ಕುರಿ ಮಾಡಿಕೊಂಡು ಹಿಮ್ಮಡಿಗೆ ಬಾಯಿ ಹಾಕುತ್ತದೆ. ಆಗ "ನಾಯಿ ಕೆಟ್ಟದು" ಎಂದು ಬೀದಿಗೆ ಬಿಡುತ್ತಾರೆ.

ನಮ್ಮ ಬೇಸಿಗೆಯೂ ನೆನಪಿರಲಿ. ಮೇ ತಿಂಗಳಲ್ಲಿ ಕಲಬುರಗಿ 42 ಡಿಗ್ರಿ ದಾಟುತ್ತದೆ. ಇದಕ್ಕೆ ಎರಡು ಪದರ ಕೂದಲು. ಹೊತ್ತು ಏರುವ ಮೊದಲು ಓಡಿಸಬೇಕು, ಹಗಲಿಗೆ ನೆರಳು ಮತ್ತು ನೀರು ಬೇಕು. ಸಂಜೆ ರಸ್ತೆಗೆ ಅಂಗೈ ಊರಿ ನೋಡಬೇಕು, ಕೈ ಸುಟ್ಟರೆ ಅದರ ಪಾದವೂ ಸುಡುತ್ತದೆ.

ದಿನಾ ಇಷ್ಟಕ್ಕೆ ಹೊತ್ತಿಲ್ಲ ಅಂದರೆ ಬೇಸರ ಬೇಡ, ಈ ತಳಿ ಬೇಡ. ನಿಮ್ಮ ಓಣಿಯಲ್ಲೇ ಮರಿಗಳಿರುತ್ತವೆ. ಈ ಬಿಸಿಲಿನಲ್ಲಿ ತಲೆಮಾರುಗಳಿಂದ ಬದುಕಿ ಬಂದ ಜೀವ ಅವು. ಒಂದನ್ನು ಮನೆಗೆ ತನ್ನಿ, ಮೂರು ತಿಂಗಳು ತುಂಬಿದಾಗ ರೇಬೀಸ್ ಲಸಿಕೆ ಹಾಕಿಸಿ. ಪಶು ಆಸ್ಪತ್ರೆಗೆ ಒಬ್ಬರೇ ಹೋಗಲು ಅಂಜಿಕೆಯಾದರೆ ನನಗೆ ಫೋನ್ ಮಾಡಿ, ಜೊತೆಗೆ ಬರುತ್ತೇನೆ.