ಗುಮಾಸ್ತರು ಬರೆಯುವ ಕಡತ, ಪ್ರೋಗ್ರಾಂ ಓದುವ ಕಡತ

ರಾಯಚೂರಿನ ರಾಜೇಂದ್ರ ಗಂಜ್‌ನ ಒಂದು ದಲಾಲಿ ಅಂಗಡಿಗೆ ಲೆಕ್ಕದ ಪ್ರೋಗ್ರಾಂ ಬರೆದುಕೊಡುವಾಗ, ಹತ್ತಿಯ ಲಾಟ್ ಸಂಖ್ಯೆ, ರೈತರ ಹೆಸರು, ದರ ಮತ್ತು ಟೆಂಡರ್ ಸಮಯವನ್ನು ಯಾವ ರೂಪದ ಕಡತದಲ್ಲಿ ಇಡಬೇಕೆಂಬುದೇ ಒಂದು ಇಡೀ ದಿನವನ್ನು ತೆಗೆದುಕೊಂಡಿತು. ನನ್ನ ಕೋಡ್‌ನ ಅನುಕೂಲವನ್ನಷ್ಟೇ ನೋಡಿದರೆ, ಮಾಹಿತಿಯನ್ನು ಬ್ರಾಕೆಟ್ ಮತ್ತು ಕೋಟುಗಳೊಳಗೆ ಬರೆದಿಡುವ ಜೇಸನ್ (JSON) ರೂಪವೇ ಸಾಕಾಗಿತ್ತು. ನಾನು ಕೋಡ್ ಬರೆಯುವ ಪೈಥಾನ್ ಭಾಷೆಯಲ್ಲಿ ಅದನ್ನು ಒಂದೇ ಸಾಲಿನಲ್ಲಿ ಓದಬಹುದು, ಸಂಖ್ಯೆ ಸಂಖ್ಯೆಯಾಗಿಯೂ ಪಠ್ಯ ಪಠ್ಯವಾಗಿಯೂ ಬರುತ್ತದೆ. ಆದರೆ ಕಡತವನ್ನು ದಿನವೂ ತಿದ್ದಬೇಕಾದವರು ಅಂಗಡಿಯ ಹಿರಿಯ ಗುಮಾಸ್ತರು. ಮಾದರಿಯನ್ನು ನೋಡಿದೊಡನೆ ಅವರು, “ತಮ್ಮಾ, ರೇಟು ಬರಿ ಅಂದ್ರ ಬರೀತೀನಿ, ಈ ಬ್ರಾಕೆಟ್ಟು, ಕೋಟು ಎಣಿಸಾಕ ನನ್ನ ಕೈಲೆ ಆಗಂಗಿಲ್ಲ” ಎಂದರು. ಲಾಟಿನ ಪಕ್ಕದಲ್ಲಿ ‘ತೇವ ಜಾಸ್ತಿ’ ಎಂಬಂಥ ಷರಾ ಬರೆಯುವುದು ಅವರ ರೂಢಿ. ಜೇಸನ್‌ನಲ್ಲಿ ಟಿಪ್ಪಣಿಗೆ ಜಾಗವೇ ಇಲ್ಲ. ಜನರು ಟಿಪ್ಪಣಿಗಳೊಳಗೆ ಪ್ರೋಗ್ರಾಂಗಳಿಗೆ ಸೂಚನೆ ತುರುಕುವುದನ್ನು ಕಂಡು, ಜೇಸನ್ ರೂಪಿಸಿದ ಡಗ್ಲಾಸ್ ಕ್ರಾಕ್‌ಫರ್ಡ್ ಅವರು ಬೇಕೆಂದೇ ಅದನ್ನು ತೆಗೆದುಹಾಕಿದ್ದರು.

ಹೀಗಾಗಿ ಯಾಮಲ್ (YAML) ಎಂಬ ಇನ್ನೊಂದು ಕಡತ ರೂಪಕ್ಕೆ ಬಂದೆವು. ಅದರಲ್ಲಿ ಷರಾ ಬರೆಯಬಹುದು, ಕೋಟು ಬೇಕಿಲ್ಲ, ಸಾಲುಗಳು ಖಾತೆ ಪುಸ್ತಕದಂತೆಯೇ ಕಾಣುತ್ತವೆ. ಗುಮಾಸ್ತರು ಆ ದಿನದ ಲಾಟುಗಳನ್ನೆಲ್ಲ ಸಲೀಸಾಗಿ ತುಂಬಿದರು. ಪ್ರೋಗ್ರಾಂ ಓದಿದಾಗ ಮಾತ್ರ 12:30ರ ಟೆಂಡರ್ ಸಮಯ 750 ಆಗಿತ್ತು, 010ನೇ ಲಾಟ್ 8 ಆಗಿತ್ತು. ಪೈಥಾನ್‌ನಲ್ಲಿ ಯಾಮಲ್ ಓದಲು ಬಳಸುವ ಪೈಯಾಮಲ್ (PyYAML) ಲೈಬ್ರರಿ ಅನುಸರಿಸುವ ಯಾಮಲ್ 1.1ರ ನಿಯಮದಂತೆ, ಕೋಲನ್ ಇರುವ ಇಂಥ ಅಂಕಿಗಳನ್ನು ಅರವತ್ತರ ಲೆಕ್ಕದಲ್ಲಿಯೂ (12×60+30) ಸೊನ್ನೆಯಿಂದ ಆರಂಭವಾಗುವವನ್ನು ಎಂಟರ ಲೆಕ್ಕದಲ್ಲಿಯೂ ಓದಲಾಗುತ್ತದೆ. ಎಂಟರ ಲೆಕ್ಕದಲ್ಲಿ 0ಯಿಂದ 7ರವರೆಗಿನ ಅಂಕಿಗಳಷ್ಟೇ ಇರುವುದರಿಂದ 08 ಮತ್ತು 09 ಅದಕ್ಕೆ ಸಲ್ಲದೆ ಪಠ್ಯವಾಗಿ ಉಳಿದಿದ್ದವು. 2009ರ 1.2 ಆವೃತ್ತಿ ಈ ನಿಯಮಗಳನ್ನು ಕೈಬಿಟ್ಟರೂ ಹಳೆಯದು ಇನ್ನೂ ಬಳಕೆಯಲ್ಲಿದೆ.

ಗುಮಾಸ್ತರಿಗೆ ಕೋಟು ಹಾಕಲು ಕಲಿಸಬಹುದಿತ್ತು. ಪ್ರೋಗ್ರಾಂನ ಹೊರೆಯನ್ನು ಬರೆಯುವವರ ಹೆಗಲಿಗೆ ದಾಟಿಸುವ ಆ ಉಪಾಯ ನನಗೆ ಒಪ್ಪಿಗೆಯಾಗಲಿಲ್ಲ. ದರ, ಲಾಟ್, ಸಮಯ ಬಳಕೆಯಾಗುವ ಕಡೆಯಲ್ಲೆಲ್ಲ ಒಂದೊಂದು ತಿದ್ದುಪಡಿ ಸೇರಿಸಿ ಕೋಡ್ ಕೆಡಿಸುವುದೂ ಬೇಡವಾಗಿತ್ತು. ಪೈಯಾಮಲ್‌ನಲ್ಲಿಯೇ ಬೇಸ್‌ಲೋಡರ್ ಎಂಬುದೊಂದಿದೆ. ಅದು ಯಾವುದನ್ನೂ ಊಹಿಸದೆ ಎಲ್ಲ ಮೌಲ್ಯಗಳನ್ನು ಪಠ್ಯವಾಗಿಯೇ ಕೊಡುತ್ತದೆ. ಅದನ್ನು ಬಳಸಿ, ಕಡತವನ್ನು ಒಳಗೆ ತರುವ ಒಂದೇ ಫಂಕ್ಷನ್ ಬರೆದೆ: ಲಾಟ್ ಪಠ್ಯವಾಗಿಯೇ ಉಳಿಯುತ್ತದೆ, 7,500 ಎಂದು ಬರೆದ ದರದ ಅಲ್ಪವಿರಾಮ ಕಳಚುತ್ತದೆ, ಸಮಯ ಸಮಯವಾಗುತ್ತದೆ, ಹೊಂದದ್ದು ಕಂಡರೆ ಲಾಟ್ ಸಂಖ್ಯೆಯೊಂದಿಗೆ ಕನ್ನಡದಲ್ಲಿ ತಿಳಿಸುತ್ತದೆ. ಇಡೀ ಪ್ರೋಗ್ರಾಂನಲ್ಲಿ ಉದ್ದವೂ ಅಂದಗೇಡಿಯೂ ಆದ ಭಾಗ ಅದೇ. ಅದರಾಚೆಗಿನ ಕೋಡ್‌ಗೆ ಯಾಮಲ್ ಎಂಬುದೊಂದಿದೆ ಎಂಬುದೂ ತಿಳಿಯದು.

ಪೈಯಾಮಲ್ ಮೂಲಕ ಕಡತವನ್ನು ಮರಳಿ ಬರೆದರೆ ಷರಾಗಳೆಲ್ಲ ಅಳಿಸಿಹೋಗುತ್ತವೆ. ಆದ್ದರಿಂದ ಗುಮಾಸ್ತರ ಕಡತವನ್ನು ಪ್ರೋಗ್ರಾಂ ಓದುತ್ತದೆಯೇ ಹೊರತು ಮುಟ್ಟುವುದಿಲ್ಲ. ರೈತರಿಗೆ ಕೊಡುವ ಲೆಕ್ಕದ ಪಟ್ಟಿಯ ಮೊತ್ತಗಳು ಬೇರೆಯೇ ಜೇಸನ್ ಕಡತಕ್ಕೆ ಹೋಗುತ್ತವೆ. ಪೈಥಾನ್ ತಾನಾಗಿ ಅಲ್ಲಿ ಕನ್ನಡದ ಪ್ರತಿ ಅಕ್ಷರವನ್ನೂ ಯೂನಿಕೋಡ್ ಸಂಕೇತವಾಗಿ ಬರೆಯುತ್ತದೆ. ಮುದ್ರಿಸುವ ಪ್ರೋಗ್ರಾಂಗೆ ಅದರಿಂದ ತೊಂದರೆಯಿಲ್ಲ. ಆದರೂ ಲೆಕ್ಕ ತಾಳೆಯಾಗದ ದಿನ ಅದನ್ನು ತೆರೆದು ನೋಡಬೇಕಾದವನು ನಾನೇ ಆದ್ದರಿಂದ, ರೈತರ ಹೆಸರು ಕನ್ನಡದಲ್ಲಿಯೇ ಉಳಿಯುವಂತೆ ಆ ಆಯ್ಕೆಯನ್ನು ತೆಗೆದುಹಾಕಿದೆ.