ಶೇ 3ರ ಗೆರೆ ದಾಟಿದವರಿಗೆ ದಂಡ ಹಾಕೋರು ಯಾರು?

2026ರ ಜನವರಿ 1ರಂದು ಬಲ್ಗೇರಿಯಾ ಸೇರಿದ ಮೇಲೆ ಯೂರೋ ಬಳಸುವ ದೇಶಗಳು 21 ಆದವು. ಬಡ್ಡಿದರ ತೀರ್ಮಾನವಾಗುವುದು ಫ್ರಾಂಕ್‌ಫರ್ಟ್‌ನ ಐರೋಪ್ಯ ಕೇಂದ್ರ ಬ್ಯಾಂಕಿನಲ್ಲಿ. ತೆರಿಗೆ, ಪಿಂಚಣಿ, ನೌಕರರ ಸಂಬಳ, ಸಾಲ ಮಾತ್ರ ಆಯಾ ದೇಶದ ಸಂಸತ್ತಿನ ಕೈಯಲ್ಲಿ. ನೋಟು ಒಂದು, ಖಜಾನೆ ಇಪ್ಪತ್ತೊಂದು. ಐರೋಪ್ಯ ಒಕ್ಕೂಟದ ಆರ್ಥಿಕ ತಲೆನೋವುಗಳಲ್ಲಿ ಹೆಚ್ಚಿನವು ಹುಟ್ಟುವುದು ಇಲ್ಲೇ.

ಒಬ್ಬರು ಬೇಕಾಬಿಟ್ಟಿ ಸಾಲ ಮಾಡಿದರೆ ಬಿಸಿ ಎಲ್ಲರಿಗೂ ತಟ್ಟುತ್ತದೆ ಎಂಬ ಭಯ ಮೊದಲಿನಿಂದಲೂ ಇತ್ತು. ಅದಕ್ಕೇ 1992ರ ಮಾಸ್ಟ್ರಿಕ್ಟ್ ಒಪ್ಪಂದದಲ್ಲಿ ಎರಡು ಗೆರೆ ಎಳೆದರು: ವರ್ಷದ ಕೊರತೆ (ಸರ್ಕಾರದ ಆದಾಯಕ್ಕಿಂತ ಹೆಚ್ಚಾದ ಖರ್ಚು) ಜಿಡಿಪಿಯ ಶೇ 3 ಮೀರಬಾರದು, ಒಟ್ಟು ಸಾಲ ಶೇ 60 ಮೀರಬಾರದು, ಮೀರಿದ್ದರೆ ಸಾಕಷ್ಟು ವೇಗದಲ್ಲಿ ಇಳಿಯುತ್ತಿರಬೇಕು. ಈ ಎರಡು ಅಂಕಿಗಳ ನಡುವೆ ಸರಳವಾದೊಂದು ಲೆಕ್ಕವಿದೆ. ಹಣದುಬ್ಬರವೂ ಸೇರಿ ಜಿಡಿಪಿ ವರ್ಷಕ್ಕೆ ಶೇ 5ರಂತೆ ಬೆಳೆದರೆ, ಶೇ 60ರ ಸಾಲ ಅಲ್ಲೇ ನಿಲ್ಲಲು ಮಾಡಬಹುದಾದ ಕೊರತೆ ಹೆಚ್ಚುಕಡಿಮೆ ಶೇ 3. ಬೆಳವಣಿಗೆ ಶೇ 3ಕ್ಕೆ ಕುಸಿದರೆ? ಅದೇ ಶೇ 3ರ ಕೊರತೆಯಲ್ಲಿ ಸಾಲ ನಿಧಾನವಾಗಿ ಶೇ 100ರ ಕಡೆಗೆ ನಡೆಯುತ್ತದೆ. ಅಂದರೆ ಒಂದು ನಿಯಮವನ್ನು ಚಾಚೂ ತಪ್ಪದೆ ಪಾಲಿಸುತ್ತಲೇ ಇನ್ನೊಂದನ್ನು ಮುರಿಯಬಹುದು. 1992ರ ಬೆಳವಣಿಗೆ ಹೀಗೇ ಇರುತ್ತದೆ ಎಂದು ನಂಬಿ ಗೆರೆ ಎಳೆದದ್ದರ ಫಲ ಇದು.

ಅಂಕಿ ಗೊತ್ತುಮಾಡುವುದು ಸುಲಭ, ಜಾರಿ ಮಾಡುವುದು ಕಷ್ಟ. ಪ್ರತಿ ಯೂರೋ ದೇಶವೂ ಅಕ್ಟೋಬರ್ 15ರೊಳಗೆ ಮುಂದಿನ ವರ್ಷದ ಕರಡು ಬಜೆಟ್ಟನ್ನು ಒಕ್ಕೂಟದ ಕೇಂದ್ರ ಕಚೇರಿಗಳಿರುವ ಬ್ರಸೆಲ್ಸಿಗೆ ಕಳಿಸಬೇಕು. ನವೆಂಬರ್ 30ರೊಳಗೆ ಒಕ್ಕೂಟದ ಕಾರ್ಯಾಂಗವಾದ ಐರೋಪ್ಯ ಆಯೋಗ ಅಭಿಪ್ರಾಯ ಹೇಳುತ್ತದೆ. ಕೊರತೆ ಗೆರೆ ದಾಟಿದ್ದರೆ ಒಕ್ಕೂಟದ ಕಾರ್ಯನಿರ್ವಹಣಾ ಒಪ್ಪಂದದ 126ನೇ ವಿಧಿಯಂತೆ ಆಯೋಗ ವರದಿ ಬರೆಯುತ್ತದೆ. 'ಮಿತಿಮೀರಿದ ಕೊರತೆ ಇದೆ' ಎಂದು ತೀರ್ಮಾನಿಸುವುದು, ಸರಿಪಡಿಸಲು ಗಡುವು ಕೊಡುವುದು, ಕ್ರಮ ಸಾಲದು ಎನ್ನುವುದು, ನೋಟಿಸ್ ಕೊಡುವುದು, ಕೊನೆಗೆ ದಂಡ, ಇಷ್ಟೂ ಹಂತಗಳಲ್ಲಿ ಮುದ್ರೆ ಒತ್ತಬೇಕಾದ್ದು ಸದಸ್ಯ ದೇಶಗಳ ಹಣಕಾಸು ಸಚಿವರ ಮಂಡಳಿ. ಇಂದು ತೀರ್ಪು ಕೊಡುವವರು ನಾಳೆ ಕಟಕಟೆಯಲ್ಲಿ ನಿಲ್ಲಬಹುದಾದವರೇ.

2003ರ ನವೆಂಬರಿನಲ್ಲಿ ಆದದ್ದೂ ಅದೇ. ಗೆರೆ ದಾಟಿದ್ದವರು ಜರ್ಮನಿ ಮತ್ತು ಫ್ರಾನ್ಸ್. ಈ ಗೆರೆಗಳನ್ನು ಜಾರಿ ಮಾಡುವ 1997ರ ಸ್ಥಿರತೆ ಒಪ್ಪಂದ ಬೇಕೇ ಬೇಕು ಎಂದು ಹಟ ಹಿಡಿದದ್ದು ಜರ್ಮನಿಯೇ. ಬೇಲಿಯೇ ಎದ್ದು ಹೊಲ ಮೇಯ್ದಾಗ ಉಳಿದ ಸಚಿವರು ಪ್ರಕ್ರಿಯೆಯನ್ನೇ ಅಮಾನತಿನಲ್ಲಿಟ್ಟರು. ಆಯೋಗ ನ್ಯಾಯಾಲಯಕ್ಕೆ ಹೋಗಿ 2004ರ ಜುಲೈನಲ್ಲಿ ಆ ನಿರ್ಣಯವನ್ನು ರದ್ದು ಮಾಡಿಸಿತು. ಆದರೆ 2005ರಲ್ಲಿ ನಿಯಮವನ್ನೇ ಸಡಿಲಿಸಿದರು. ದೊಡ್ಡವರಿಗೊಂದು, ಚಿಕ್ಕವರಿಗೊಂದು ಎಂಬ ಮಾತಿಗೆ ಅಲ್ಲಿಂದಾಚೆ ಉತ್ತರ ಸಿಗಲಿಲ್ಲ. ಇನ್ನು ಗ್ರೀಸ್: 2009ರ ಕೊರತೆ ಶೇ 3.7 ಎಂದಿದ್ದವರು ಅಕ್ಟೋಬರಿನಲ್ಲಿ ಶೇ 12.5 ಎಂದರು, ಅಂತಿಮ ಲೆಕ್ಕ ಶೇ 15 ದಾಟಿತು. 2010ರ ಮೇ ತಿಂಗಳಲ್ಲಿ 11,000 ಕೋಟಿ ಯೂರೋ ಸಾಲದ ನೆರವು ಕೊಡಬೇಕಾಯಿತು.

ಆಮೇಲೆ 2011ರಲ್ಲಿ ಒಂದು ಜಾಣ ತಿರುವು. ಅದುವರೆಗೆ ದಂಡ ಹಾಕಲು ಬಹುಮತ ಬೇಕಿತ್ತು. ಇನ್ನು ಯೂರೋ ದೇಶಗಳ ದಂಡ ತಡೆಯಲು ಬಹುಮತ ಬೇಕು. ಆಯೋಗದ ಶಿಫಾರಸನ್ನು ಮಂಡಳಿ 10 ದಿನದೊಳಗೆ ವಿಶೇಷ ಬಹುಮತದಿಂದ ತಿರಸ್ಕರಿಸದಿದ್ದರೆ ಅದು ಅಂಗೀಕಾರವಾದಂತೆ. ಮಂಡಳಿಯ ಕೈ ಕಟ್ಟಿದ್ದೇನೋ ಸರಿ, ಆದರೆ ಶಿಫಾರಸು ಮಾಡುವ ಆಯೋಗಕ್ಕೂ ರಾಜಕೀಯ ಇರುತ್ತದಲ್ಲ! 2016ರಲ್ಲಿ ಸ್ಪೇನ್, ಪೋರ್ಚುಗಲ್ ಸಾಕಷ್ಟು ಕ್ರಮ ಕೈಗೊಂಡಿಲ್ಲ ಎಂದು ಮಂಡಳಿ ಹೇಳಿದ ಮೇಲೂ ದಂಡದ ಮೊತ್ತ ಸೊನ್ನೆ. ವಲೆನ್ಸಿಯಾ ಪ್ರಾಂತ್ಯದ ಆರೋಗ್ಯ ವೆಚ್ಚದ ಲೆಕ್ಕ ತಪ್ಪು ತೋರಿಸಿದ್ದಕ್ಕೆ 2015ರಲ್ಲಿ ಸ್ಪೇನ್ 1.89 ಕೋಟಿ ಯೂರೋ ದಂಡ ಕಟ್ಟಿದೆ. ಕೊರತೆ ಮಾಡಿದ್ದಕ್ಕೆ ಮಾತ್ರ ಇವತ್ತಿನವರೆಗೆ ಯಾವ ದೇಶವೂ ದಂಡ ಕಟ್ಟಿಲ್ಲ.

ಅಳತೆಗೋಲಿನ ಕಥೆ ಬೇರೆ. ಬಹುಕಾಲ ನೆಚ್ಚಿಕೊಂಡಿದ್ದು 'ರಚನಾತ್ಮಕ ಕೊರತೆ'ಯನ್ನು, ಅಂದರೆ ಆರ್ಥಿಕ ಏರಿಳಿತದಿಂದಾದ ಭಾಗ ಬಿಟ್ಟು ಉಳಿಯುವ ಕೊರತೆಯನ್ನು. ಆರ್ಥಿಕತೆ ತನ್ನ ಪೂರ್ಣ ಸಾಮರ್ಥ್ಯಕ್ಕಿಂತ ಎಷ್ಟು ಕೆಳಗಿದೆ ಎಂದು ಅಂದಾಜಿಸಿ, ಸರಾಸರಿ ಅದರ ಅರ್ಧದಷ್ಟನ್ನು ಕೊರತೆಯಿಂದ ಕಳೆಯಬೇಕು. ಸಾಮರ್ಥ್ಯವನ್ನು ಕಣ್ಣಿಂದ ಕಂಡವರಿಲ್ಲ. ಅಂದಾಜು ಶೇ 1ರಷ್ಟು ಬದಲಾದರೆ ಕೊರತೆ ಶೇಕಡಾ ಅರ್ಧ ಅಂಕ ಕುಣಿಯುತ್ತದೆ. ಒಂದು ದೇಶ ಇಡೀ ವರ್ಷ ಬಿಗಿ ಹಿಡಿದು ಗಳಿಸಬೇಕಾದ ಸುಧಾರಣೆಯೂ ಸುಮಾರು ಅಷ್ಟೇ. ಜಗಳಕ್ಕೆ ಇನ್ನೇನು ಬೇಕು.

2024ರ ಏಪ್ರಿಲ್ 30ರಿಂದ ಜಾರಿಯಲ್ಲಿರುವ ನಿಯಮ ನೋಡುವುದು ನಿವ್ವಳ ಖರ್ಚಿನ ಬೆಳವಣಿಗೆಯನ್ನು. ಒಟ್ಟು ಖರ್ಚಿನಿಂದ ಬಡ್ಡಿ, ನಿರುದ್ಯೋಗ ಭತ್ಯೆಯ ಏರಿಳಿತ, ಒಕ್ಕೂಟದ ಯೋಜನೆಗಳ ಹಣ, ಹೊಸ ತೆರಿಗೆಯಿಂದ ಬಂದ ಆದಾಯ ಇತ್ಯಾದಿ ಕಳೆದು ಉಳಿದದ್ದು ಅದು. ಈ ಖರ್ಚು ಎಷ್ಟು ಬೆಳೆಯಬಹುದು ಎಂದು ಪ್ರತಿ ದೇಶಕ್ಕೂ 4 ವರ್ಷದ ಹಾದಿ. ಸುಧಾರಣೆ, ಹೂಡಿಕೆಯ ಮಾತು ಕೊಟ್ಟರೆ 7 ವರ್ಷ. ಒಂದು ವರ್ಷದಲ್ಲಿ ಜಿಡಿಪಿಯ ಶೇ 0.3, ಒಟ್ಟಾರೆ ಶೇ 0.6ಕ್ಕಿಂತ ಹೆಚ್ಚು ಹಾದಿ ತಪ್ಪಿದರೆ ಎಚ್ಚರಿಕೆಯ ಗಂಟೆ. ಸಾಲ ಶೇ 90 ಮೀರಿದವರು ವರ್ಷಕ್ಕೆ ಸರಾಸರಿ 1 ಅಂಕ, 60–90ರ ನಡುವಿನವರು ಅರ್ಧ ಅಂಕ ಇಳಿಸಬೇಕು. ಅಳತೆಯ ಮಟ್ಟಿಗೆ ಇದು ಹಳೆಯದಕ್ಕಿಂತ ಖಂಡಿತ ಮೇಲು: ಖರ್ಚು ಸಚಿವರ ಕೈಯಲ್ಲಿರುವ ವಿಷಯ, ಸಾಮರ್ಥ್ಯದ ಅಂದಾಜು ಅಲ್ಲ. ಆದರೂ 2024ರ ಜುಲೈನಲ್ಲೇ ಫ್ರಾನ್ಸ್, ಇಟಲಿ ಸೇರಿ ಏಳು ದೇಶಗಳ ಮೇಲೆ ಪ್ರಕ್ರಿಯೆ ಶುರುವಾಯಿತು. ಮರುವರ್ಷ ರಕ್ಷಣಾ ವೆಚ್ಚಕ್ಕೆಂದು ಜಿಡಿಪಿಯ ಶೇ 1.5ರವರೆಗೆ, 4 ವರ್ಷ ವಿನಾಯಿತಿಯ ಬಾಗಿಲೂ ತೆರೆಯಿತು.

ಬಿಗಿ ಹಿಡಿದಾಗ ಮೊದಲು ಕತ್ತರಿ ಬೀಳುವುದು ಸೇತುವೆ, ರೈಲುಮಾರ್ಗಗಳಿಗೆ. ಪಿಂಚಣಿ ಕಡಿತ ಮಾಡಿದರೆ ಬೀದಿಗಿಳಿಯುತ್ತಾರೆ; ಸೇತುವೆಯನ್ನು ಮುಂದಕ್ಕೆ ಹಾಕಿದರೆ ಯಾರೂ ಕೇಳುವುದಿಲ್ಲ.

ಶೇ 3 ನಮಗೂ ಹೊಸದಲ್ಲ. ಕರ್ನಾಟಕದ 2002ರ ವಿತ್ತೀಯ ಹೊಣೆಗಾರಿಕೆ ಕಾಯ್ದೆಯಲ್ಲೂ ಇರುವುದು ಅದೇ ಅಂಕಿ. ವ್ಯತ್ಯಾಸ ಏನೆಂದರೆ, ಕೇಂದ್ರಕ್ಕೆ ಸಾಲ ಬಾಕಿ ಇಟ್ಟಿರುವ ರಾಜ್ಯ ಹೊಸ ಸಾಲ ಎತ್ತಲು ಸಂವಿಧಾನದ 293(3)ರಂತೆ ದೆಹಲಿಯ ಒಪ್ಪಿಗೆ ಪಡೆಯಬೇಕು. ಫ್ರಾನ್ಸ್ ಬಾಂಡ್ ಮಾರುವುದನ್ನು ತಡೆಯುವ ಅಧಿಕಾರ ಬ್ರಸೆಲ್ಸಿಗಿಲ್ಲ. ದೆಹಲಿಯ ಬಿಗಿಹಿಡಿತ ರಾಜ್ಯಗಳಿಗೆ ಹಿತವಲ್ಲ, ಅದು ಬೇರೆ ವಾದ. ಆದರೆ ದೆಹಲಿಗೆ ಹಂಚಲು ತೆರಿಗೆಯ ಪಾಲಾದರೂ ಇದೆ. ಒಕ್ಕೂಟದ ಸ್ವಂತ ಬಜೆಟ್ ಸದಸ್ಯರ ಒಟ್ಟು ರಾಷ್ಟ್ರೀಯ ಆದಾಯದ ಸುಮಾರು ಶೇ 1 ಮಾತ್ರ.

ಇಷ್ಟು ಚಿಕ್ಕ ಬಜೆಟ್ಟು ಸಾಲದೆಂದು ಕೋವಿಡ್ ಕಾಲದಲ್ಲಿ 75,000 ಕೋಟಿ ಯೂರೋವನ್ನು (2018ರ ಬೆಲೆಯಲ್ಲಿ) ಒಕ್ಕೂಟದ ಹೆಸರಿನಲ್ಲೇ ಸಾಲ ಎತ್ತಲು ಒಪ್ಪಿದರು. ಆ ಸಾಲದ ಅಸಲು ತೀರಿಸುವುದು 2028ರಿಂದ 2058ರವರೆಗೆ. ಅದಕ್ಕಾಗಿ ಹೊಸ ಆದಾಯ ಮೂಲ ಹುಡುಕಬೇಕಾದರೆ ಮಂಡಳಿಯಲ್ಲಿ 27 ದೇಶಗಳೂ ಕೈಯೆತ್ತಬೇಕು, ಆಮೇಲೆ ಪ್ರತಿ ದೇಶವೂ ತನ್ನ ಸಂವಿಧಾನದಂತೆ ಅನುಮೋದಿಸಬೇಕು. ಒಂದೇ ಒಂದು ದೇಶ ಬೇಡ ಎಂದರೂ ಕಡತ ಮತ್ತೆ ಮೊದಲ ಮೇಜಿಗೆ.