ಹಸಿ ಉಸುಕಿನ ಒಂದು ಬ್ರಾಸ್ ಎಷ್ಟು ಟನ್?

ನಮ್ಮ ಕಡೆ ಉಸುಕಿನ ಮಾತೆಲ್ಲ ಬ್ರಾಸ್ ಅನ್ನುವ ಘನ ಅಳತೆಯ ಲೆಕ್ಕದಲ್ಲಿ ನಡೆಯುತ್ತದೆ, ಲಾರಿ ತೂಗಿ ಕೊಡುವ ಕಾಟಾ ಚೀಟಿ ಮಾತ್ರ ಟನ್ನಿನಲ್ಲಿ ಬರುತ್ತದೆ. ಈ ಎರಡರ ನಡುವೆ ಸಿಕ್ಕಿ ನಾನು ಮಾಡಿದ ತಪ್ಪನ್ನು ಬರೆಯುತ್ತಿದ್ದೇನೆ, ಯಾಕಂದ್ರೆ ಹೊಸದಾಗಿ ಸೈಟಿಗೆ ಬರುವ ಹುಡುಗರು ಮಳೆಗಾಲದಲ್ಲಿ ಇದನ್ನೇ ಮಾಡುವುದನ್ನು ಈಗಲೂ ನೋಡುತ್ತೇನೆ.

ಬಾಗಲಕೋಟೆ ನವನಗರದ ಸೈಟು, ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷ. ಜುಲೈ ತಿಂಗಳು, ವಾರದಿಂದ ಜಿಟಿಜಿಟಿ ಮಳೆ. ಬೆಳಿಗ್ಗೆ ಉಸುಕಿನ ಟಿಪ್ಪರ್ ಬಂತು. ಚಲನ್‌ನಲ್ಲಿ 5 ಬ್ರಾಸ್, ಕಾಟಾ ಚೀಟಿಯಲ್ಲಿ 19 ಟನ್. ಒಂದು ಬ್ರಾಸ್ ಅಂದ್ರೆ 100 ಘನ ಅಡಿ, ಅಂದರೆ 2.83 ಘನ ಮೀಟರ್. 5 ಬ್ರಾಸಿಗೆ 14.15. ಒಂದು ಘನ ಮೀಟರ್ ಉಸುಕು ಸುಮಾರು 1.6 ಟನ್ ಅಂತ ಓದಿದ್ದೆ, ಗುಣಿಸಿದರೆ 22.6 ಟನ್ ಬಂತು. ಮೂರೂವರೆ ಟನ್ ಕಡಿಮೆ! ಡ್ರೈವರ್ ಮೇಲೆ ಕೂಗಾಡಿಬಿಟ್ಟೆ. ಅವನು "ಟೇಪ್ ಹಿಡದು ನೋಡ್ರಿ ಸರ" ಅಂದ, ಅಷ್ಟೇ. ಹತ್ತಿ ಉದ್ದ, ಅಗಲ, ಎತ್ತರ ಅಳೆದೆ. 5 ಬ್ರಾಸ್ ಸರಿಯಾಗೇ ಇತ್ತು.

ಅಳತೆ ಸರಿ, ತೂಕ ಸರಿ, ಹಾಗಾದ್ರೆ ತಪ್ಪೆಲ್ಲಿ? ನಮ್ಮ ಹಿರಿಯ ಗೌಂಡಿ ಕಾಕಾ ಹೇಳಿದರು: "ಹಸಿ ಉಸುಕು ಉಬ್ಬತೈತ್ರಿ ಸರ, ಒಣಾ ಉಸುಕಿನ ಲೆಕ್ಕ ಇದಕ್ಕ ಹಚ್ಚಬ್ಯಾಡ್ರಿ."

ಅಡುಗೆಮನೆಯ ಒಂದು ಪ್ಲಾಸ್ಟಿಕ್ ಬರಣಿ ತಂದು ಅದೇ ಉಸುಕನ್ನು ಒತ್ತದೆ 20 ಸೆಂಟಿಮೀಟರ್ ತುಂಬಿದೆವು. ಅದನ್ನು ಬುಟ್ಟಿಗೆ ಸುರಿದು, ಬರಣಿಯಲ್ಲಿ ಅರ್ಧ ನೀರು ಹಾಕಿ, ಉಸುಕನ್ನು ಸ್ವಲ್ಪ ಸ್ವಲ್ಪವಾಗಿ ವಾಪಸ್ ಬಿಟ್ಟು ಕಡ್ಡಿಯಿಂದ ಕಲಕಿದೆವು. ಗುಳ್ಳೆಗಳೆಲ್ಲ ಮೇಲೆ ಬಂದವು, ಉಸುಕು ಕೆಳಗೆ ಕೂತಿತು. ಸ್ಕೇಲ್ ಇಟ್ಟು ನೋಡಿದರೆ 16 ಸೆಂಟಿಮೀಟರ್! 16ರ ಮಾಲು 20 ಆಗಿ ನಿಂತಿತ್ತು, ಅಂದರೆ 25 ಪರ್ಸೆಂಟ್ ಉಬ್ಬು. ಸ್ವಲ್ಪ ತೇವ ಇದ್ದಾಗ ಪ್ರತಿ ಕಾಳಿನ ಸುತ್ತ ತೆಳುವಾದ ನೀರಿನ ಪದರ ಕೂತು ಕಾಳುಗಳನ್ನು ದೂರ ಇಡುತ್ತದೆ. ಪೂರ್ತಿ ನೀರಲ್ಲಿ ಮುಳುಗಿದರೆ ಆ ಹಿಡಿತ ಬಿಡುತ್ತದೆ, ಉಸುಕು ಒಣಗಿದ್ದಾಗಿನಷ್ಟೇ ಜಾಗಕ್ಕೆ ಬರುತ್ತದೆ. ಈ ಪರೀಕ್ಷೆ ಉಸುಕು-ಜಲ್ಲಿ ಪರೀಕ್ಷೆಗಳ ಭಾರತೀಯ ಮಾನಕವಾದ 1963ರ ಐಎಸ್ 2386 ಮೂರನೇ ಭಾಗದಲ್ಲೇ ಇದೆ. ನಾನು ಓದಿ ಪಾಸಾಗಿದ್ದೆ, ಕಣ್ಣಾರೆ ನೋಡಿದ್ದು ಅವತ್ತೇ.

ಈಗ ಲೆಕ್ಕ ಕೂಡಿತು. 1.6 ಅನ್ನು 1.25ರಿಂದ ಭಾಗಿಸಿದರೆ 1.28, ಅದಕ್ಕೆ 5 ಪರ್ಸೆಂಟ್ ತೇವ ಸೇರಿಸಿದರೆ 1.34. 14.15ಕ್ಕೆ ಗುಣಿಸಿ, 19 ಟನ್. ಅಂದರೆ ಈ ಹಸಿ ಉಸುಕು ಬ್ರಾಸಿಗೆ 3.8 ಟನ್. ಡ್ರೈವರ್ ಚಹಾ ಕುಡಿಯುತ್ತಿದ್ದ, ಹೋಗಿ ಕ್ಷಮೆ ಕೇಳಿದೆ.

ಆದರೆ ನನ್ನನ್ನು ಜಾಸ್ತಿ ಕಾಡಿದ್ದು ಬೇರೆ. ಆ 19 ಟನ್ನಿನಲ್ಲಿ ಸುಮಾರು 0.9 ಟನ್ ನೀರು, ನಿಜವಾದ ಉಸುಕು 18.1 ಟನ್. ಅದಕ್ಕಿಂತ ದೊಡ್ಡ ಪೆಟ್ಟು ಫರ್ಮಾದಲ್ಲಿ, ಅಂದರೆ ಕಾಂಕ್ರೀಟಿಗೆ ಉಸುಕು ಅಳೆದು ಹಾಕುವ ಡಬ್ಬಿಯಲ್ಲಿ. 35 ಲೀಟರ್ ಫರ್ಮಾಕ್ಕೆ ಒಣ ಉಸುಕು 56 ಕೆಜಿ ಹಿಡಿಯಬೇಕು, ಈ ಉಸುಕಲ್ಲಿ ಬರುವುದು 45 ಕೆಜಿ ಮಾತ್ರ, ಉಳಿದದ್ದು ನೀರು ಮತ್ತು ಗಾಳಿ. ಸಿಮೆಂಟ್ ಚೀಲಕ್ಕೆ ಎರಡು ಫರ್ಮಾ ಅಂದ್ರೆ 22 ಕೆಜಿ ಕಡಿಮೆ. ಆ ವಾರ ಕಾಂಕ್ರೀಟಿನಲ್ಲಿ ಜಲ್ಲಿ ಬೇರೆಯಾಗಿ ಬಿಡಿಸಿಕೊಂಡು ನಿಲ್ಲುತ್ತಿತ್ತು, ಸಿಮೆಂಟ್ ಚೀಲ ಅಂದಾಜಿಗಿಂತ ಬೇಗ ಖಾಲಿಯಾಗುತ್ತಿತ್ತು. ಕಾರಣ ಇದೇ.

ಇನ್ನೊಂದು ತಪ್ಪು ಹುಡುಗರು ಮಾಡುವುದು: ಪುಸ್ತಕದಲ್ಲಿ ಉಸುಕಿಗೆ 2.65, ಸಿಮೆಂಟಿಗೆ 3.15 ಅಂತ ನೋಡಿ ಅದನ್ನೇ ಬ್ರಾಸಿಗೆ ಗುಣಿಸುತ್ತಾರೆ. ಅದು ಕಾಳಿನ ಸಾಂದ್ರತೆ, ರಾಶಿಯದ್ದಲ್ಲ. ರಾಶಿಯಲ್ಲಿ ಕಾಳುಗಳ ನಡುವೆ ಗಾಳಿ ಇರುತ್ತೆ ಅಲ್ವಾ? 50 ಕೆಜಿ ಸಿಮೆಂಟ್ ಚೀಲ ಸುಮಾರು 35 ಲೀಟರ್, ಅಂದರೆ 1.44 ಅಷ್ಟೇ. ಕಬ್ಬಿಣದ ಸಳಿಗೆ ಈ ತಂಟೆ ಇಲ್ಲ, ಮಿಲಿಮೀಟರಿನಲ್ಲಿ ಅದರ ವ್ಯಾಸದ ವರ್ಗವನ್ನು 162ರಿಂದ ಭಾಗಿಸಿದರೆ ಮೀಟರಿಗೆ ಎಷ್ಟು ಕೆಜಿ ಅಂತ ಬರುತ್ತದೆ, ಮಳೆ ಇರಲಿ ಬಿಸಿಲಿರಲಿ.

ಈಗ ಪ್ರತಿ ಟಿಪ್ಪರ್ ಬಂದಾಗ ಮೂರು ಕಡೆಯಿಂದ ಉಸುಕು ತೆಗೆದು ಫರ್ಮಾ ತುಂಬಿ ತೂಗಿಸುತ್ತೇನೆ, ಖಾಲಿ ಫರ್ಮಾದ ತೂಕ ಕಳೆದು 35ರಿಂದ ಭಾಗಿಸುತ್ತೇನೆ, ಘನ ಮೀಟರಿಗೆ ಎಷ್ಟು ಟನ್ ಅಂತ ಸಿಗುತ್ತದೆ. ಬರಣಿ ಪರೀಕ್ಷೆಯನ್ನೂ ಮಾಡಿ, ಎಷ್ಟು ಉಬ್ಬಿದೆಯೋ ಅಷ್ಟು ಉಸುಕು ಜಾಸ್ತಿ ಹಾಕಿಸುತ್ತೇನೆ. ಹತ್ತು ನಿಮಿಷದ ಕೆಲಸ. ಆ ದಿನದ ಅಂಕಿಯನ್ನು ಮಿಕ್ಸರ್ ಪಕ್ಕದ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿಡುತ್ತೇವೆ. ಕಾಕಾ ಅದನ್ನು ನೋಡದೆ ಮಿಕ್ಸರ್ ಚಾಲು ಮಾಡಿಸುವುದಿಲ್ಲ.